ಚಾಂಪಿಯನ್ನನ ಬಾಗಿಲಿಗೆ ಬಂದ ಗ್ಲೌಸು

ಬೇಕರಿಯಲ್ಲಿ ಹಿಟ್ಟು ನಾದುವ ಅವನನ್ನು ಊರೆಲ್ಲ ಗುದ್ದಣ್ಣ ಎಂದೇ ಕರೆಯುತ್ತಿತ್ತು. ಹೆತ್ತವರಿಟ್ಟ ಹೆಸರೊಂದು ಇದ್ದೇ ಇತ್ತು, ಆದರೆ ಅದು ಕಟ್ಟಿಕೊಂಡ ಹೆಂಡತಿಗೂ ಥಟ್ಟನೆ ನೆನಪಾಗುತ್ತಿರಲಿಲ್ಲ. ಅವನು ಹಿಟ್ಟಿನ ಮುದ್ದೆಗೆ ಒಂದು ಬಿಟ್ಟನೆಂದರೆ, ಎರಡು ಬೀದಿಯಾಚೆಯ ಗಡಿಯಾರದಂಗಡಿಯಲ್ಲಿ ಕೆಟ್ಟು ನಿಂತಿದ್ದ ಗಡಿಯಾರಗಳೆಲ್ಲ ತಾವಾಗಿಯೇ ನಡೆಯತೊಡಗುತ್ತಿದ್ದವಂತೆ. ಅಷ್ಟನ್ನೂ ನಂಬಬೇಕಾಗಿಲ್ಲ. ಅರ್ಧದಷ್ಟು ಗಡಿಯಾರಗಳು ಎಂದಿಟ್ಟುಕೊಂಡರೂ ಸಾಕು.

ಹಿಟ್ಟಿನ ಕೆಲಸ ಮುಗಿದ ಮೇಲೆ ಅವನು ಊರಿನ ಬಾಕ್ಸಿಂಗ್ ಚಾಂಪಿಯನ್. ಹಿತ್ತಾಳೆ ಬಿಲ್ಲೆಯ ಅಗಲವಾದ ಬೆಲ್ಟು ಮನೆಯ ಗೋಡೆಯಲ್ಲಿ ತೂಗುತ್ತಿತ್ತು. ಅದನ್ನು ಕಳೆದ ಸಲ ಉಳಿಸಿಕೊಂಡದ್ದು ಮಾತ್ರ ದೊಡ್ಡ ಪಾಡು. ಎದುರಾಳಿ, ಊರವರು ಕೋಣ ಎಂದೇ ಕರೆಯುತ್ತಿದ್ದವನು. ಕಲ್ಲುಗಣಿಯಲ್ಲಿ ಸುತ್ತಿಗೆ ಬೀಸುವವನು. ಸುತ್ತಿಗೆ ಮರೆತು ಬಂದ ದಿನ ಕೈಯಲ್ಲೇ ಕೆಲಸ ಮುಗಿಸಿ, ಊಟದ ಹೊತ್ತಿಗೆ ಮನೆ ಸೇರಿದವನು ಎಂದು ಖ್ಯಾತಿ. ಆವತ್ತು ಗುದ್ದಣ್ಣ ಕೂದಲೆಳೆಯಷ್ಟು ಅಂಕದಲ್ಲಿ ಗೆದ್ದ. ಗೆದ್ದವನನ್ನು ನಾಲ್ಕು ಜನ ಹೊತ್ತುಕೊಂಡು ಹೋದರು, ಸೋತವನು ಸೀಟಿ ಹಾಕುತ್ತಾ ನಡೆದುಕೊಂಡೇ ಹೋದ.

ಆಮೇಲಿನಿಂದ ಗುದ್ದಣ್ಣನ ಎಡಗಣ್ಣಿನಲ್ಲಿ ಕರಿ ಹುಳುಗಳು ಓಡಾಡತೊಡಗಿದವು. ಬನ್ನಿನ ಮೇಲೆ ನೊಣ ಕೂತಿದೆಯೆಂದು ಅವನು ಬೀಸಿ ಬೀಸಿ ಹೊಡೆದು, ಒಂದು ತಟ್ಟೆ ಬನ್ನು ಚಪಾತಿಯಾದವು. ನೊಣ ಮಾತ್ರ ಸಿಗಲಿಲ್ಲ. ಗುಟ್ಟಾಗಿ ಕಣ್ಣಿನ ಡಾಕ್ಟರ ಹತ್ತಿರ ಹೋದ. ಅವರು ದೀಪ ಬಿಟ್ಟು ನೋಡಿ, "ಕಣ್ಣಿನ ಹಿಂದಿನ ಪರದೆ ಒಂದೇ ಕ್ಲಿಪ್ಪು ಹಾಕಿ ಒಣಗೋಕೆ ಬಿಟ್ಟ ಬಟ್ಟೆ ಥರ ಇದೆ. ಆಪರೇಷನ್ ಮಾಡಿದ್ರೆ ಉಳಿಯುತ್ತೆ. ಬಾಕ್ಸಿಂಗ್ ಅಂತೂ ಮುಗೀತು. ಇನ್ನೊಂದು ಏಟು ಬಿತ್ತೋ, ಆಮೇಲೆ ನನ್ನ ಹತ್ರ ಬಂದ್ರೂ ಒಂದೇ, ದರ್ಜಿ ಹತ್ರ ಹೋದ್ರೂ ಒಂದೇ" ಎಂದರು.

ಗುದ್ದಣ್ಣ ಆಪರೇಷನ್ನನ್ನೂ ಮಾಡಿಸಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಹೇಳಿದರೆ ಊರು ಏನೆನ್ನುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಕಣ್ಣಿನ ನೆಪ ಒಡ್ಡಿ ಕೋಣನಿಂದ ತಪ್ಪಿಸಿಕೊಂಡ ಎನ್ನುತ್ತದೆ. ಬೇಕರಿಯಲ್ಲಿ ಬ್ರೆಡ್ಡು ಕೊಳ್ಳಲು ಬಂದವರು ಅದನ್ನೇ ಹೇಳಿ ನಗುತ್ತಾರೆ. ಕೋಣನಾದರೋ ಮತ್ತೊಂದು ಆಟ ಕೊಡು ಎಂದು ಕೂತಲ್ಲಿ ನಿಂತಲ್ಲಿ ಕೂಗುತ್ತಿದ್ದ.

ಆ ಊರಿನ ಗರಡಿಯಲ್ಲಿ ಸವಾಲು ಹಾಕುವುದಕ್ಕೆ ಒಂದು ಪದ್ಧತಿ ಇತ್ತು. ಬಾಯಲ್ಲಿ ಎಷ್ಟು ಕೂಗಿದರೂ ಲೆಕ್ಕಕ್ಕಿಲ್ಲ. ಸವಾಲು ಹಾಕುವವನು ತನ್ನ ಗ್ಲೌಸನ್ನು ಚಾಂಪಿಯನ್ನನ ಗೂಟಕ್ಕೆ ನೇತುಹಾಕಬೇಕು. ಚಾಂಪಿಯನ್ ಅದನ್ನು ಕೈಯಾರೆ ಇಳಿಸಿಕೊಂಡರೆ ಒಪ್ಪಿದ ಹಾಗೆ, ಹಾಗೆಯೇ ಬಿಟ್ಟರೆ ಒಲ್ಲೆ ಎಂದ ಹಾಗೆ. ಇಳಿಸಿದ ಕೈಯೇ ಆಡಬೇಕು, ಅದರಲ್ಲಿ ಎರಡು ಮಾತಿಲ್ಲ. ಕೋಣ ನೇತುಹಾಕಿದರೆ ಗುದ್ದಣ್ಣ ಇಳಿಸಲೂ ಆರ, ಬಿಡಲೂ ಆರ. ಕೊನೆಗೆ ಸೊಂಟ ಹಿಡಿದಿದೆ ಎಂದು ಗರಡಿಗೆ ಹೋಗುವುದನ್ನೇ ನಿಲ್ಲಿಸಿದ. ಕೋಣ ಕಾದು ಕಾದು ಸಾಕಾಗಿ, ಒಂದು ಬೆಳಿಗ್ಗೆ ಗ್ಲೌಸನ್ನು ತಂದು ನೇರವಾಗಿ ಮನೆಯ ಬಾಗಿಲಿಗೇ ತಗುಲಿಹಾಕಿ ಹೋದ.

ಅಲ್ಲಿಯೇ ಎಡವಟ್ಟಾದದ್ದು. ಗುದ್ದಣ್ಣನ ಹೆಂಡತಿ ಬಾಗಿಲ ಪಕ್ಕದ ಕೋಣೆಯಲ್ಲಿ ಕೂತು ಚೀಲ, ಚಪ್ಪಲಿ, ಬೂಟು ರಿಪೇರಿ ಮಾಡುವವಳು. ಹರಿದದ್ದನ್ನು ಗಿರಾಕಿಗಳು ಬಾಗಿಲ ಮೊಳೆಗೆ ನೇತುಹಾಕಿ ಹೋಗುತ್ತಿದ್ದರು, ಅವಳು ಒಳಗೆ ತಂದು ಹೊಲಿಯುತ್ತಿದ್ದಳು. ಗರಡಿಯ ಹೊಸಿಲು ತುಳಿದವಳಲ್ಲ, ಅಲ್ಲಿನ ಪದ್ಧತಿ ತಿಳಿದವಳೂ ಅಲ್ಲ.

ಗುದ್ದಣ್ಣ ಕೆಲಸ ಮುಗಿಸಿ ಬಂದಾಗ ಮೇಜಿನ ಮೇಲೆ ಕೋಣನ ಗ್ಲೌಸು ಪಾಲಿಶ್ ಹಾಕಿಸಿಕೊಂಡು ಮದುವೆ ಗಂಡಿನ ಹಾಗೆ ಹೊಳೆಯುತ್ತಾ ಕೂತಿತ್ತು.

"ಇದು... ಇದು ಹೇಗೆ ಒಳಗೆ ಬಂತು?"

"ಕಾಲು ಬಂದು ನಡ್ಕೊಂಡು ಬಂತು. ನಾನೇ ಇಳಿಸ್ದೆ ರೀ. ಹೆಬ್ಬೆರಳ ಹತ್ರ ಹೊಲಿಗೆ ಬಿಟ್ಟಿತ್ತು, ಮೇಣದ ದಾರ ಹಾಕಿ ಬಿಗಿದಿದ್ದೀನಿ. ಇನ್ನು ಆನೆಗೆ ಹೊಡೆದ್ರೂ ಬಿಚ್ಚಲ್ಲ."

ಹೊಡೆಸಿಕೊಳ್ಳುವ ಆನೆ ಅಲ್ಲೇ ಕುರ್ಚಿಯ ಮೇಲೆ ಕುಸಿದು ಕೂತಿತು.

ಎದುರು ಕಟ್ಟೆಯ ಕ್ಷೌರದವನು ಬಾಗಿಲಲ್ಲಿ ಗ್ಲೌಸು ತೂಗಿದ್ದನ್ನೂ ಆಮೇಲೆ ಅದು ಮಾಯವಾದದ್ದನ್ನೂ ನೋಡಿದ್ದ. ಅವನ ಬಾಯಿಗೆ ಬಿದ್ದ ಸುದ್ದಿಗೆ ಕಾಲಲ್ಲ, ರೆಕ್ಕೆಯೇ ಬರುತ್ತಿತ್ತು. ಮಧ್ಯಾಹ್ನದೊಳಗೆ ಊರಿಗೆ ಊರೇ ಗುದ್ದಣ್ಣ ಒಪ್ಪಿದ ಎನ್ನತೊಡಗಿತು. ಗರಡಿಯ ಮೇಷ್ಟ್ರು ಓಡಿ ಬಂದರು. ಚಪ್ಪಟೆ ಮೂಗಿನ ಮುದುಕರು. ಆ ಮೂಗು ಎಷ್ಟು ಸಲ ಮುರಿದಿತ್ತೆಂದರೆ, ಶೀತವಾದಾಗ ನೆಗಡಿ ಯಾವ ಕಡೆ ಹೋಗಬೇಕೆಂದು ತಿಳಿಯದೆ ವಾಪಸು ಹೋಗುತ್ತಿತ್ತು.

"ಭೇಷ್ ಕಣೋ! ಸೊಂಟ ಹಿಡಿದಿದೆ ಅಂದಾಗ ನಾನು ನಂಬಿಬಿಟ್ಟಿದ್ದೆ, ನೋಡು."

"ಮೇಷ್ಟ್ರೇ, ಇದು ಕೊಡಬೇಕಾದ ಆಟ ಅಂತೀರಾ?"

"ಕೊಡದೆ? ಕೂದಲೆಳೇಲಿ ಗೆದ್ದವನು ಇನ್ನೊಂದು ಸಲ ಗೆಲ್ಲಬೇಕು. ಇಲ್ಲಾಂದ್ರೆ ಆ ಬೆಲ್ಟು ಪ್ಯಾಂಟು ಜಾರದೆ ಇರೋಕೆ ಕಟ್ಟಿದ ಹಾಗೆ."

ಬೇಕರಿ ಯಜಮಾನ ಬೇಡವೇ ಬೇಡ ಎಂದ. ಕಳೆದ ಆಟದ ಮಾರನೆಯ ದಿನ ಗುದ್ದಣ್ಣ ಉಪ್ಪಿನ ಬದಲು ಸಕ್ಕರೆ ಹಾಕಿ ಬ್ರೆಡ್ಡು ಮಾಡಿದ್ದನ್ನು ಅವನಿನ್ನೂ ಮರೆತಿರಲಿಲ್ಲ. ಕ್ಷೌರದವನು ಕತ್ತರಿ ಆಡಿಸುತ್ತಾ, "ಆಡಬೇಕು, ಆದ್ರೆ ಹುಷಾರಾಗಿ ಆಡಬೇಕು" ಎಂದು ಎರಡು ದೋಣಿಯಲ್ಲೂ ಕಾಲಿಟ್ಟ. ಬಿಟ್ಟಿ ಸಲಹೆಗೆ ಬರವೇ? ಹಿಟ್ಟಿನ ಗಾಡಿಯ ಕುದುರೆಯೊಂದು ಮಾತ್ರ ಏನೂ ಹೇಳಲಿಲ್ಲ, ಅದಕ್ಕೇ ಗುದ್ದಣ್ಣನಿಗೆ ಅದರ ಮೇಲೆ ಗೌರವ ಹೆಚ್ಚಾಯಿತು.

ಊಟಕ್ಕೆ ಕೂತವನು ಅನ್ನವನ್ನು ಹಿಟ್ಟಿನ ಹಾಗೆ ನಾದುತ್ತಲೇ ಇದ್ದ.

"ಏನ್ರೀ, ಕಲ್ಲು ನುಂಗಿದವರ ಥರ ಇದ್ದೀರಾ?" ಎಂದಳು ಹೆಂಡತಿ.

ಅವನು ಕಣ್ಣಿನ ವಿಷಯ, ಡಾಕ್ಟರ ಮಾತು, ಗೂಟದ ಪದ್ಧತಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟ. ಅವಳು ಎದ್ದು ನಿಂತಳು. ಮೊದಲು ಮುಖ ಬಿಳಿಚಿತು, ಆಮೇಲೆ ಕೆಂಪಾಯಿತು.

"ಒಂದು ವರ್ಷದಿಂದ ಕಣ್ಣೊಳಗೆ ಹುಳ ಸಾಕ್ಕೊಂಡು ನನಗೊಂದು ಮಾತು ಹೇಳಲಿಲ್ಲ! ಚಪ್ಪಲಿ ಕಿತ್ತುಹೋದ್ರೆ ನನ್ನ ಹತ್ರ ತರ್ತೀರಿ, ಕಣ್ಣು ಕಿತ್ತುಹೋದ್ರೆ ತರಬಾರ್ದಾ?"

"ಹೆದರ್ಕೊಂಡ ಅಂತಾರೆ ಕಣೇ."

"ಹೆದರಿಲ್ವಾ ಮತ್ತೆ?"

ಅವಳು ಗ್ಲೌಸನ್ನು ಕೈಗೆತ್ತಿಕೊಂಡು ಕೇಳಿದಳು, "ಇಳಿಸಿದ ಕೈಯೇ ಆಡಬೇಕು ಅಂದ್ರಲ್ಲ, ಅದು ಖಾತ್ರಿಯಾ?"

"ಖಾತ್ರಿ. ಮೇಷ್ಟ್ರ ತಾತನ ಕಾಲದಿಂದ ಹಾಗೇ."

"ಹಾಗಾದ್ರೆ ಏಳಿ."

ಸಂಜೆಯ ಹೊತ್ತಿಗೆ ಗರಡಿ ತುಂಬಿತ್ತು. ಕೋಣ ಮರಳಿನ ಚೀಲಕ್ಕೆ ಹೊಡೆಯುತ್ತಿದ್ದ. ಚೀಲ ಅಯ್ಯೋ ಎನ್ನುತ್ತಿತ್ತು. ಗುದ್ದಣ್ಣನ ಹೆಂಡತಿ ಗ್ಲೌಸು ಹಿಡಿದು ಸೀದಾ ರಿಂಗಿನ ಹಗ್ಗದ ಹತ್ತಿರ ಹೋಗಿ ನಿಂತಳು.

"ತಮ್ಮಾ, ಇದು ನಿಂದೇ ತಾನೇ? ಇಳಿಸಿದವಳು ನಾನು. ಬಾ, ಆಡೋಣ."

ಆಗ ಎದ್ದ ನಗೆಗೆ ಗರಡಿಯ ಹೆಂಚುಗಳು ಎದ್ದು ಕೂತು ಜಾಗ ಬದಲಾಯಿಸಿದವು. ಮೇಷ್ಟ್ರು ಮಾತ್ರ ನಗಲಿಲ್ಲ, ಪದ್ಧತಿಯ ಪ್ರಶ್ನೆ ನೋಡಿ. "ಆಯಮ್ಮ ಹೇಳೋದು ಸರಿಯಪ್ಪಾ" ಎಂದು ಗಂಭೀರವಾಗಿ ತಲೆ ಕೆರೆದುಕೊಂಡರು.

ಕೋಣ ಎರಡು ಹೆಜ್ಜೆ ಹಿಂದೆ ಸರಿದ. ಅವನು ಹಿಂದೆ ಸರಿದದ್ದನ್ನು ಊರು ಕಂಡದ್ದು ಅದೇ ಮೊದಲು.

"ಅಕ್ಕಾ, ನಿಮ್ಮ ಜತೆ ಹೇಗೆ ಆಡಲಿ? ಹೆಂಗಸಿನ ಮೇಲೆ ಕೈಯೆತ್ತಿದ್ರೆ ನಮ್ಮತ್ತೆ ನನ್ನ ಮನೆಯೊಳಗೆ ಸೇರಿಸಲ್ಲ. ಸೋತವನು ಅಂತ ಈಗಾಗ್ಲೇ ದಿನಾ ಹಂಗಿಸ್ತಾರೆ."

ಅಲ್ಲಿಗೆ ಸುಮ್ಮನಿದ್ದಿದ್ದರೆ ಗುದ್ದಣ್ಣ ಪಾರಾಗಿಬಿಡುತ್ತಿದ್ದ. ಆಟ ರದ್ದು, ಬೆಲ್ಟು ಭದ್ರ, ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು. ಅವನಿಗೂ ಅದು ಹೊಳೆಯಿತು. ಆದರೆ ಮುಂದೆ ಹೆಂಡತಿ ಹೊಲಿಗೆಯ ದಬ್ಬಳ ಹಿಡಿದು ಹಿಡಿದು ಗಟ್ಟಿಯಾದ ಕೈಯಲ್ಲಿ ಅಷ್ಟು ದೊಡ್ಡ ಗ್ಲೌಸು ಹಿಡಿದು ನಿಂತಿದ್ದಳು, ಅವಳ ಹಿಂದೆ ತಾನು ಅವಿತು ನಿಂತಿದ್ದ. ಅದೊಂದು ಅವನಿಗೆ ತಡೆಯಲಾಗಲಿಲ್ಲ. ಅವಳನ್ನು ದಾಟಿ ಮುಂದೆ ಬಂದ.

"ಆಡಲ್ಲ. ಅವಳೂ ಆಡಲ್ಲ, ನಾನೂ ಆಡಲ್ಲ. ನನ್ನ ಎಡಗಣ್ಣು ಹೋಗ್ತಾ ಇದೆ. ನಿನ್ನ ಏಟಿಂದಲೇ."

ಕೋಣ ಹತ್ತಿರ ಬಂದ. ದಪ್ಪ ಅಂಗೈಯಿಂದ ಅವನ ಬಲಗಣ್ಣು ಮುಚ್ಚಿ, ಇನ್ನೊಂದು ಕೈ ಎತ್ತಿದ.

"ಎಷ್ಟು ಬೆರಳು?"

"ಬೆರಳು ಎರಡು. ಅದರ ಸುತ್ತ ಹುಳ ಒಂದು ಸಂತೆ."

ಕೋಣ ಕೈ ಇಳಿಸಿದ. ತುಂಬ ಹೊತ್ತು ಯೋಚಿಸಿದ. ಅವನು ಯೋಚಿಸುವಾಗ ಹಣೆಯಲ್ಲಿ ಬಂಡಿ ಹೋದ ಹಾಗೆ ಗೆರೆಗಳು ಮೂಡುತ್ತಿದ್ದವು.

"ಸರಿ. ಆದ್ರೆ ನನಗೊಂದು ಮಾತು ಬೇಕು. ಕಣ್ಣು ಸರಿಯಿದ್ದಿದ್ರೆ ಗೆದ್ದುಬಿಡ್ತಿದ್ದೆ ಅಂತ ನಾಳೆ ಹೇಳ್ಕೊಂಡು ತಿರುಗಬೇಡ. ಕಣ್ಣು ಚೆನ್ನಾಗಿದ್ರೂ ನನಗೆ ಹೆದರ್ತಿದ್ಯಾ ಇಲ್ವಾ? ನಿಜ ಹೇಳು."

ಇಡೀ ಗರಡಿ ಕಿವಿಯಾಯಿತು. ಗುದ್ದಣ್ಣ ವರ್ಷವಿಡೀ ಓಡಿ ತಪ್ಪಿಸಿಕೊಂಡದ್ದು ಈ ಪ್ರಶ್ನೆಯಿಂದಲೇ.

"ಹೆದರ್ತಿದ್ದೆ," ಎಂದ. ದನಿ ಸಣ್ಣದಾಯಿತೆನಿಸಿ ಮತ್ತೆ ಗಟ್ಟಿಯಾಗಿ ಹೇಳಿದ, "ಮೊದಲ ರೌಂಡಿನಿಂದಲೂ ಹೆದರ್ತಿದ್ದೆ. ಕನಸಲ್ಲಿ ನೀನು ಬಂದ್ರೆ ನಾನು ಮಂಚದ ಕೆಳಗೆ ಮಲಗ್ತಿದ್ದೆ. ಬೆಲ್ಟು ನಾಳೆ ಮೇಷ್ಟ್ರ ಕೈಗೆ ಕೊಡ್ತೀನಿ. ಯಾರ ಜತೆಯಾದ್ರೂ ಆಡಿ ಗೆದ್ದುಕೋ."

ಹೇಳಿ ಅವನು ಕಾದ. ಸೂರು ಬೀಳಲಿಲ್ಲ. ಯಾರೂ ಕೇಕೆ ಹಾಕಲಿಲ್ಲ. ಹಿಂದಿನಿಂದ ಒಬ್ಬ, "ನನಗೂ ಅವನ ಕಂಡ್ರೆ ಭಯಾನೇ" ಎಂದ. "ಯಾರಿಗಿಲ್ಲ ಬಿಡು" ಎಂದ ಕ್ಷೌರದವನು. "ಗಡ್ಡ ಮಾಡುವಾಗ ಕತ್ತಿ ನನ್ನ ಕೈಲಿದ್ರೂ ಹೆದರೋನು ನಾನೇ." ಕೋಣನ ಮುಖ ದೀಪ ಹಚ್ಚಿದ ಹಾಗೆ ಅರಳಿತು. ಬೆಲ್ಟಿನ ಮಾತೇ ಅವನ ಕಿವಿಗೆ ಬಿದ್ದಂತಿರಲಿಲ್ಲ.

"ಮೇಷ್ಟ್ರೇ, ಕೇಳಿಸ್ಕೊಂಡ್ರಾ? ನಮ್ಮತ್ತೆ ಬಂದು ಕೇಳಿದ್ರೆ ನೀವೇ ಸಾಕ್ಷಿ!" ಎಂದು ಅಂಗಿ ಹಾಕಿಕೊಳ್ಳುವುದನ್ನೂ ಮರೆತು ಮನೆಯತ್ತ ಓಡಿದ.

ಮೇಷ್ಟ್ರು ಗುದ್ದಣ್ಣನ ಹತ್ತಿರ ಬಂದು, ಗಲ್ಲ ಹಿಡಿದು ಆ ಕಣ್ಣನ್ನು ನೋಡಿದರು. "ಮೊದಲೇ ಬೊಗಳೋಕೆ ಏನಾಗಿತ್ತೋ ಕತ್ತೆ" ಎಂದರು. ಅಷ್ಟೇ. ಆ ಮುದುಕರ ಬಾಯಲ್ಲಿ ಅದಕ್ಕಿಂತ ಮೆತ್ತಗಿನ ಮಾತನ್ನು ಯಾರೂ ಕೇಳಿರಲಿಲ್ಲ.

ಮನೆಗೆ ಹೋಗುವಾಗ ಗುದ್ದಣ್ಣನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಎದೆಯ ಮೇಲಿನ ಬಂಡೆ ಉರುಳಿಹೋದ ಸದ್ದಿಗೆ ಬೀದಿನಾಯಿಗಳು ಎದ್ದವು. ಹೆಂಡತಿ ಬಲಗಡೆಯಲ್ಲಿ ನಡೆಯುತ್ತಿದ್ದವಳು ದಾರಿಯಲ್ಲಿ ಬಳಸಿ ಬಂದು ಅವನ ಎಡಗಡೆಗೆ ಸೇರಿಕೊಂಡಳು. ಆ ಕಡೆಯಿಂದ ಸೈಕಲ್ಲೊಂದು ಬಂದಾಗ ತೋಳು ಹಿಡಿದು ಇತ್ತ ಎಳೆದಳು.

"ನಾಳೆ ಬೆಳಿಗ್ಗೆ ಡಾಕ್ಟರ ಹತ್ರ. ನಾನೂ ಬರ್ತೀನಿ," ಎಂದಳು.

"ಹೂಂ."

ಆಮೇಲೆ ಒಂದು ವರ್ಷ ಬಾಕಿ ಉಳಿದಿದ್ದ ಬೈಗುಳವನ್ನು ಆರಂಭದಿಂದ ಶುರು ಮಾಡಿದಳು. ಎಡಗಡೆ ಅವನಿಗೆ ಸರಿಯಾಗಿ ಕಾಣದಿದ್ದರೂ ಕಿವಿಗೆ ಯಾವ ಊನವೂ ಇರಲಿಲ್ಲ. ಒಂದಕ್ಷರ ತಪ್ಪದೆ ಕೇಳಿಸಿಕೊಳ್ಳುತ್ತಾ, ಹಬೆಯಾಡುವ ಬ್ರೆಡ್ಡಿನ ಹಾಗೆ ಹಗುರಾಗಿ, ಅವನು ನಡೆದ.