ಅಗಸೆ ಎಣ್ಣೆ ಕುಡಿದ ಜಗಲಿ

ಮೊನ್ನೆ ಮೊಮ್ಮಗ ಹೊಸ ಕ್ರಿಕೆಟ್ ಬ್ಯಾಟಿಗೆ ಎಣ್ಣೆ ಹಚ್ಚುತ್ತಾ ಕೂತಿದ್ದ. ಸೊಪ್ಪು ಬಿಡಿಸುತ್ತಿದ್ದ ನನ್ನ ಮೂಗಿಗೆ ಆ ವಾಸನೆ ಬಡಿಯಿತು. ಅಗಸೆ ಎಣ್ಣೆ. ಕೈಲಿದ್ದ ಸೊಪ್ಪು ಕೈಲೇ ಉಳಿಯಿತು. ಎಷ್ಟೋ ವರ್ಷದ ಹಿಂದೆ ಅಜ್ಜಂಪುರದ ಮನೆ ಮುಂದೆ ಮಂಡಿಯೂರಿ ಕೂತು ಹಲಗೆಗೆ ಎಣ್ಣೆ ತಿಕ್ಕುತ್ತಿದ್ದ ನಮ್ಮತ್ತೆ ಕಣ್ಣ ಮುಂದೆ ಬಂದರು…

ನಾನು ಯಗಟಿ ಕಡೆಯವಳು. ಎಪ್ಪತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಆ ಮನೆಗೆ ಬಂದೆ. ರಾಗಿ, ಕಡಲೆ ವ್ಯಾಪಾರದ ಮನೆ. ಮುಂದೆ ಉದ್ದಕ್ಕೂ ಮರದ ಜಗಲಿ. ಮೂಟೆಗಳಿಗೆ ನೆಲದ ಥಂಡಿ ಹತ್ತಬಾರದು ಅಂತ ಮಾವನ ತಂದೆ ಲಕ್ಕವಳ್ಳಿ ಕಡೆಯಿಂದ ಹೊನ್ನೆ ಹಲಗೆ ತರಿಸಿ ಹಾಕಿಸಿದ್ದಂತೆ. ಮಾವನಿಗೆ ಎರಡೂ ಕಣ್ಣು ಹೋಗಿ ಬಹಳ ಕಾಲವಾಗಿತ್ತು. ಆದರೂ ಕೋಲಿಲ್ಲದೆ, ಯಾರ ಕೈಯನ್ನೂ ಹಿಡಿಯದೆ, ಬರಿಗಾಲಲ್ಲಿ ಬಾಗಿಲಿಂದ ಜಗಲಿಯ ಆ ತುದಿಗೆ ನಡೆದು ಕೂರುತ್ತಿದ್ದರಂತೆ. ರೈತರು ಒಂದು ಹಿಡಿ ರಾಗಿ ಅವರ ಅಂಗೈಗೆ ಹಾಕಿ, ಅವರು ಕಾಳು ಹೇಗಿದೆ ಅಂತಾರೋ ಅಂತ ಕಾಯುತ್ತಿದ್ದರಂತೆ. ಇಷ್ಟೊಂದು ‘ಅಂತೆ’ ಯಾಕೆ ಅಂದರೆ, ನಾನು ಅದನ್ನು ನೋಡಿರಲಿಲ್ಲ. ನಾನು ಮನೆ ತುಂಬಿದ ದಿನವೇ ಅದೆಲ್ಲ ನಿಂತುಹೋಯಿತು.

ಆಗಿದ್ದಿಷ್ಟು. ನಮ್ಮ ಮದುವೆಗೆ ಮಠದ ಸ್ವಾಮಿಗಳು ದಯಮಾಡಿಸುವವರಿದ್ದರು. ಪಾದಪೂಜೆ ಆ ಜಗಲಿಯ ಮೇಲೇ. ಮೂಟೆ ಎಳೆದೂ ಎಳೆದೂ ಕಪ್ಪಾದ ಹಲಗೆ ಮೇಲೆ ಗುರುಗಳ ಪಾದ ಇಡಿಸೋದಾ ಅಂತ ನಮ್ಮ ಮನೆಯವರು ಹಸಿರು ಆಯಿಲ್ ಪೇಂಟು ತಂದು, ಕೋಟಿನ ಮೇಲೆ ಕೋಟು ಹೊಡೆಸಿಬಿಟ್ಟಿದ್ದರು. ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಪೂಜೆ ಮುಗಿಯಿತು. ಹಳೇ ಹಲಗೆಯಾಗಿದ್ದರೆ ಪಾದ ತೊಳೆದ ನೀರು ಹೀರಿಕೊಳ್ಳುತ್ತಿತ್ತು, ಈ ಬಣ್ಣದ ಮೇಲೆ ಹಾಗೇ ನಿಂತಿತ್ತು. ಮಾವ ಎಂದಿನಂತೆ ಕಾಲಿಟ್ಟರು, ಜಾರಿ ಬಿದ್ದರು.

“ಹೊಸ ಸೊಸೆ ಕಾಲ್ಗುಣ” ಅಂತ ನೆಂಟರಲ್ಲಿ ಯಾರೋ ಹೆಂಗಸು ಅಂದದ್ದು ನನ್ನ ಕಿವಿಗೂ ಬಿತ್ತು. ಅತ್ತೆ ಅಲ್ಲೇ ತಿರುಗಿ ನಿಂತರು. “ಅವರು ಜಾರಿದ್ದು ಬಣ್ಣದ ಮೇಲೆ ಕಣ್ರೀ, ಸೊಸೆ ಮೇಲಲ್ಲ” ಅಂದರು. ಅವತ್ತೇ ನಾನು ಅವರ ಪಾಲಾದೆ.

ಸೊಂಟದ ನೋವು ವಾಸಿಯಾದರೂ ಮಾವ ಹೊರಗೆ ಬರಲಿಲ್ಲ. ಕೈ ಹಿಡಿದು ಕರೆದರೆ ಹೊಸ್ತಿಲಾಚೆ ಕಾಲಿಟ್ಟು, ಹೆಬ್ಬೆರಳಲ್ಲಿ ತಡವಿ, “ಇದ್ಯಾರ ಮನೆಯೋ ಏನೋ… ನಮ್ದಲ್ಲ” ಅಂತ ವಾಪಸ್ ತಿರುಗುತ್ತಿದ್ದರು. ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ಊಟ ಕಮ್ಮಿಯಾಯಿತು, ಮಾತು ಇನ್ನೂ ಕಮ್ಮಿಯಾಯಿತು. ಹಿಂಗೇ ಬಿಟ್ಟರೆ ಈ ಮನುಷ್ಯ ಉಳಿಯೋದಿಲ್ಲ ಅನ್ನೋ ಭಯ ಎಲ್ಲರಿಗೂ ಇತ್ತು.

ನಮ್ಮ ಮನೆಯವರು ಬಡಗಿಯನ್ನು ಕರೆಸಿದರು. ಉಜ್ಜುಗೊರಡು ಹಾಕಿದರೆ ಬಣ್ಣದ ಜೊತೆ ಮೇಲಿನ ಒಂದು ಪದರ ಮರವೂ ಎದ್ದು, ಹಲಗೆ ಹೊಚ್ಚ ಹೊಸದಾಗುತ್ತೆ ಅಂದ ಆತ. ಅತ್ತೆ ಅವನಿಗೆ ಕಾಫಿ ಕೊಟ್ಟು ಸಾಗಹಾಕಿದರು. ಮಗನಿಗೆ ರೇಗಿತು.

“ನಿನ್ ಹಟಕ್ಕೆ ಅಪ್ಪ ಒಳಗೇ ಕೂತಿರ್ಬೇಕೇನವ್ವಾ?”

“ಮಟ್ಟ ಮಾಡ್ಬಿಟ್ರೆ ಅವರ ಹಾದೀನೂ ಹೋಗ್ತದೆ ಕಣೋ” ಅಂದರು ಅತ್ತೆ. ನಮಗೆ ಯಾರಿಗೂ ತಲೆಬುಡ ತಿಳಿಯಲಿಲ್ಲ.

ಮಾರನೇ ದಿನದಿಂದ ಅತ್ತೆ ಸೀರೆ ಎತ್ತಿ ಸಿಕ್ಕಿಸಿ ತಾವೇ ಕೂತರು. ಸುಣ್ಣ, ಬಟ್ಟೆ ಸೋಡಾ ಎರಡನ್ನೂ ರಾಗಿ ಗಂಜಿಯಲ್ಲಿ ಕಲಸಿ ಹಲಗೆಗೆ ಮೆತ್ತಿ, ಮೇಲೆ ಒದ್ದೆ ಗೋಣಿ ಹೊದಿಸೋರು. ಬೆಳಗ್ಗೆ ಗೋಣಿ ತೆಗೆದರೆ ಬಣ್ಣ ಹಾಲಿನ ಕೆನೆ ಹಂಗೆ ಸುಕ್ಕುಗಟ್ಟಿರೋದು. ತೆಂಗಿನ ಕರಟದ ಅಂಚಿನಲ್ಲಿ ಅದನ್ನು ಕೆರೆಯೋರು, ಅದಕ್ಕೂ ಬಗ್ಗದಿದ್ದರೆ ಗಾಜಿನ ಚೂರು. ಆಮೇಲೆ ಹುಣಿಸೆ ನೀರಲ್ಲಿ ತೊಳೆಯೋದು. ನಾನೂ ಜೊತೆಗೆ ಕೂತೆ, ಆದರೆ ಸುಣ್ಣದ ಪಾತ್ರೆ ನನ್ನ ಕೈಗೆ ಕೊಡಲೇ ಇಲ್ಲ. ಅವರ ಬೆರಳ ಸಂದಿ ಸುಟ್ಟು ಸಿಪ್ಪೆ ಎದ್ದಿತ್ತು. ಮುದ್ದೆ ಮುರಿಯೋಕೂ ಆಗುತ್ತಿರಲಿಲ್ಲ, ನಾನೇ ತುತ್ತು ಮಾಡಿ ಕೊಡುತ್ತಿದ್ದೆ.

ಒಂದು ಮಧ್ಯಾಹ್ನ ನೋಡುತ್ತೇನೆ, ಅತ್ತೆ ಸೆರಗನ್ನು ಕಣ್ಣಿಗೆ ಬಿಗಿದುಕೊಂಡು ಜಗಲಿ ಮೇಲೆ ನಡೆಯುತ್ತಿದ್ದಾರೆ. ರಸ್ತೆಯಲ್ಲಿ ಹೋಗೋರು ನಿಂತು ನಗುತ್ತಿದ್ದರು. ಇವರಿಗೆ ಅದರ ಗೊಡವೆಯೇ ಇಲ್ಲ. ಕಾಲಿಗೆ ಬಣ್ಣದ ನುಣುಪು ಸಿಕ್ಕ ಕಡೆ ಕೂತು, ಕಣ್ಣು ಬಿಚ್ಚದೆ ಕೆರೆದು ಮತ್ತೆ ಏಳುತ್ತಿದ್ದರು. ಆಮೇಲೆ ನನ್ನ ಕಣ್ಣಿಗೂ ಸೆರಗು ಕಟ್ಟಿದರು. “ನಡಿಯಮ್ಮ” ಅಂದರು. ಹೆದರುತ್ತಲೇ ಹೆಜ್ಜೆ ಇಟ್ಟೆ. ಕಾಲಿಗೆ ಒಂದು ತಗ್ಗು ಸಿಕ್ಕಿತು. ಅದರ ಮುಂದೆ ಇನ್ನೊಂದು… ಮಾವ ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕಾಲಿಟ್ಟು ಸವೆಸಿದ ಗುರುತುಗಳು. ಅವು ನನ್ನನ್ನು ನೆಟ್ಟಗೆ ಆ ತುದಿಗೆ ಕರೆದೊಯ್ದು ನಿಲ್ಲಿಸಿದವು. ಗಂಡ ಕಾಣದ ದಾರಿಯನ್ನು ಈ ಹೆಂಗಸು ಯಾವಾಗ, ಹೇಗೆ ಕಂಡುಕೊಂಡರು? ಅಂಥವರ ಮನೆ ಸೇರಿದ್ದೇನೆ ಅಂತ ಅವತ್ತು ನನಗೆ ಹೆಮ್ಮೆಗಿಂತ ಹೆಚ್ಚಾಗಿ ಭಯಭಕ್ತಿಯೇ ಬಂತು.

ಹಲಗೆ ಬಿಸಿಲಿಗೆ ಚೆನ್ನಾಗಿ ಒಣಗಿದ ಮೇಲೆ ಅಗಸೆ ಎಣ್ಣೆ. ಬೆಚ್ಚಗೆ ಮಾಡಿ, ಹಳೇ ಪಂಚೆಯ ಚೂರಿನಲ್ಲಿ ಅದ್ದಿ ತಿಕ್ಕೋದು, ಉಳಿದದ್ದನ್ನು ಒರೆಸೋದು, ಒಣಗಿದ ಮೇಲೆ ಮತ್ತೆ ತಿಕ್ಕೋದು. ನನಗೆ ರಟ್ಟೆ ಬಿದ್ದುಹೋಗೋದು. “ಸಾಕಾ ಅತ್ತೆ?” ಅಂದರೆ, “ಮರ ಬ್ಯಾಡ ಅನ್ನೋಗಂಟ ಕುಡಿಸ್ಬೇಕು ಕಣಮ್ಮ, ಇನ್ನೊಂದು ಕೈ ಎಣ್ಣೆ ಬಿಡು” ಅನ್ನೋರು.

ಎಣ್ಣೆ ಪೂರ್ತಿ ಆರಿದ ದಿನ ಮಾವನನ್ನು ಹೊಸ್ತಿಲವರೆಗೆ ಕರೆತಂದು ಅತ್ತೆ ಕೈ ಬಿಟ್ಟರು. ಮಾವ ಕಾಲಿಟ್ಟರು. ಹೆಬ್ಬೆರಳು ಅತ್ತಿತ್ತ ಆಡಿ ಒಂದು ಕಡೆ ನಿಂತಿತು. ಆಮೇಲೆ ನಡೆದರು ನೋಡಿ, ಎಲ್ಲೂ ತಡೆಯಲಿಲ್ಲ. ತುದಿಗೆ ಹೋಗಿ ಕೂತು, ಪಕ್ಕದ ಹಲಗೆಯನ್ನು ಅಂಗೈಯಲ್ಲಿ ಬಹಳ ಹೊತ್ತು ಸವರಿದರು. ಕೊನೆಗೆ, “ಲೇ, ಒಂದು ಹಿಡಿ ರಾಗಿ ತಗಂಬಾರೇ” ಅಂದರು. ಅತ್ತೆಯ ಕೈಗೆ ಬಟ್ಟೆ ಸುತ್ತಿತ್ತು. ನನಗೆ ಕಣ್ಸನ್ನೆ ಮಾಡಿದರು. ರಾಗಿ ತಂದು ಮಾವನ ಅಂಗೈಗೆ ಹಾಕಿದವಳು ನಾನು…

ಈಗ ಇಬ್ಬರೂ ಇಲ್ಲ. ರಸ್ತೆ ಅಗಲ ಮಾಡುವಾಗ ಜಗಲಿಯೂ ಹೋಯಿತು. ಹಟ ಮಾಡಿ ಒಂದು ಹಲಗೆ ಉಳಿಸಿಕೊಂಡೆ, ಹಿತ್ತಲ ಬಾಗಿಲ ಮುಂದೆ ಹಾಕಿಸಿದ್ದೇನೆ. ಮೊನ್ನೆ ಆ ಎಣ್ಣೆ ವಾಸನೆಗೆ ಎದ್ದು ಹೋಗಿ, ಕಣ್ಣು ಮುಚ್ಚಿ ಅದರ ಮೇಲೆ ನಿಂತೆ. ಮಾವನ ಹೆಜ್ಜೆಯ ತಗ್ಗು ಕಾಲಿಗೆ ಸಿಕ್ಕಿತು. ಅತ್ತೆಯದು ಏನಾದರೂ ಇದೆಯಾ ಅಂತ ತಡವಿದೆ. ಏನೂ ಇರಲಿಲ್ಲ.

ಮೊಮ್ಮಗನ ಹತ್ತಿರ ಉಳಿದ ಎಣ್ಣೆ ಇಸಿದುಕೊಂಡು ಕೂತೆ. ಹಲಗೆ ಒಣಗಿತ್ತು, ಹಾಕಿದಷ್ಟೂ ಕುಡಿಯಿತು. ರಟ್ಟೆ ಸೋತಾಗ ಬಾಯಿ ತಾನಾಗೇ “ಸಾಕಾ ಅತ್ತೆ?” ಅಂತು. ಇನ್ನೊಂದು ಕೈ ಬಿಡು ಅನ್ನೋರು ಇರಲಿಲ್ಲ. ಅಳು ಬಂತು. ಅಳುತ್ತಲೇ ಇನ್ನೊಂದು ಕೈ ಬಿಟ್ಟೆ.