ಖಂಡೇಪೂಜೆ ಮಾಡಿಸಿಕೊಂಡ ವಾಕಿಟಾಕಿ

ಗೆಳೆಯರೇ, ಸಿಟ್ಟು ಇನ್ನೂ ಇಳಿದಿಲ್ಲ. ಸಿಂದಗಿ ಕಡೆಯ ಒಂದು ಕಾರ್ಖಾನೆಯಲ್ಲಿ ಇವತ್ತು ಹಳೆಯ ವಾಕಿಟಾಕಿಯೊಳಗಿನ ಚಾನೆಲ್ ಪಟ್ಟಿಯನ್ನು ಕಂಪ್ಯೂಟರಿಗೆ ಇಳಿಸಬೇಕಿತ್ತು. ಅದು ಸಿಗದಿದ್ದರೆ ಕಾರ್ಖಾನೆಯವರು ತರಿಸಿದ ಹೊಸ ಸೆಟ್ಟುಗಳೆಲ್ಲ ಮೂಕ. ಕೇಬಲ್ ಹಾಕಿದೆ. ಮೂರು ಸಲ ತೆಗೆದು ಹಾಕಿದರೂ ಪರದೆಯ ಮೇಲೆ ಏನೂ ಬರಲಿಲ್ಲ.

ಮ್ಯಾನೇಜರ್ ಎಲ್ಲರ ಮುಂದೆ, "ನಿಮ್ಮ ಕೇಬಲ್ಲ ಡೂಪ್ಲಿಕೇಟ್ ಐತಿ. ಕೆಲಸ ಬರೂದಿಲ್ಲಂದ್ರ ಮದಲ ಹೇಳಬೇಕ್ರಿ" ಎಂದರು.

ಹತ್ತು ವರ್ಷದಿಂದ ನನ್ನ ಹೊಟ್ಟೆ ತುಂಬಿಸುತ್ತಿರುವುದು ಇದೇ ವಾಕಿಟಾಕಿ ರಿಪೇರಿ ಕೆಲಸ. ಹಲ್ಲು ಕಚ್ಚಿಕೊಂಡು, ಮೊಬೈಲ್ ಟಾರ್ಚ್ ಹಿಡಿದು, ಸೆಟ್ಟಿಗೆ ಕೇಬಲ್ ಸಿಕ್ಕಿಸುವ ತೂತಿನೊಳಗೆ ನೋಡಿದೆ. ಕುಂಕುಮ ಗಟ್ಟಿಯಾಗಿ ಕೂತಿತ್ತು.

"ಇದನ್ನ ಯಾರು ತುಂಬ್ಯಾರ್ರಿ?"

"ಮಹಾನವಮಿ ಖಂಡೇಪೂಜಿಗೆ ನಾನ ಹಚ್ಚೀನ್ರಿ," ಎಂದರು ಮ್ಯಾನೇಜರ್. "ದೇವರ ಕಾರ್ಯದಾಗ ತಪ್ಪೇನೈತಿ?"

ಆಯುಧಪೂಜೆ ನಾನೂ ಮಾಡುತ್ತೇನೆ. ಆದರೆ ಕುಂಕುಮವನ್ನು ಹಣೆಗೆ ಹಚ್ಚುತ್ತಾರೆ, ಕಿವಿಯೊಳಗೆ ತುಂಬುವುದಿಲ್ಲ. ಸೂಜಿ ಹಿಡಿದು ಅರ್ಧ ತಾಸು ಕೆದಕಿದೆ. ಆಮೇಲೆ ಕೇಬಲ್ ಹಾಕಿದರೆ ಹದಿನಾರು ಚಾನೆಲ್‌ಗಳೂ ಸಾಲಾಗಿ ಪರದೆಗೆ ಬಂದವು.

ಮ್ಯಾನೇಜರ್ ಕಂಪ್ಯೂಟರಿಗೆ ಕೈ ಮುಗಿದರು. "ನೋಡ್ರಿ, ಮಾಡಿದ ಪೂಜಿ ಸುಳ್ಳಾಗಲಿಲ್ಲ."

ಆ ಸೂಜಿಯನ್ನು ಅವರ ಮೇಜಿನ ಮೇಲೆಯೇ ಬಿಟ್ಟು ಬಂದಿದ್ದೇನೆ. ಮುಂದಿನ ವರ್ಷ ಮೊದಲ ಪೂಜೆ ಅದಕ್ಕಾಗಲಿ.