ಮಾಸ್ತವ್ವನ ಊರಿನ ಹೆಸರು

ಕೊಟ್ಟೂರಿನಲ್ಲಿ ನನಗೊಬ್ಬ ಗೈಡ್ ಇದ್ದರು. ಗೈಡ್ ಎಂದರೆ ಕೊರಳಿಗೆ ಕಾರ್ಡು ನೇತುಹಾಕಿಕೊಂಡವರಲ್ಲ. ಬೋರ್‌ವೆಲ್ ಮೋಟಾರು ರಿಪೇರಿ ಮಾಡುವ ಚಾಚಾ. ಸುತ್ತಲ ತಾಲೂಕುಗಳ ಹೊಲಗಳಲ್ಲಿ ಕೆಟ್ಟ ಮೋಟಾರು ಎತ್ತುತ್ತ ಎತ್ತುತ್ತ, ಯಾವ ಬದುವಿನಲ್ಲಿ ಯಾವ ವೀರಗಲ್ಲು ನಿಂತಿದೆ ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ದಾವಣಗೆರೆಯ ಬ್ಯಾಂಕಿನಲ್ಲಿ ಕೂತು, ರಜೆ ಸಿಕ್ಕರೆ ಹಳೇ ಕಲ್ಲುಗಳ ಹಿಂದೆ ಬೀಳುವ ನನ್ನಂಥ ಹುಚ್ಚನಿಗೆ ಇನ್ನೇನು ಬೇಕು?

ಅವರ ಬೈಕಿನ ಹಿಂದೆ ಕೂತು ಉಜ್ಜಿನಿ ನೋಡಿದೆ, ಹೊಳಲಿನ ಅನಂತಶಯನನ ಮುಂದೆ ಬಾಯಿಬಿಟ್ಟುಕೊಂಡು ನಿಂತೆ, ಗುಡೇಕೋಟೆಯ ಬಂಡೆಗಳ ನಡುವೆ ಬಿಸಿಲಿಗೆ ತಲೆ ಸಿಡಿಸಿಕೊಂಡೆ. "ಅವೆಲ್ಲಾ ಎಲ್ಲಾರೂ ನೋಡೋವು ಬಿಡ್ರಿ. ಬ್ಯಾರೇದೊಂದು ತೋರಿಸ್ತೀನಿ ಬರ್ರಿ," ಎಂದು ಹೋದ ಚಳಿಗಾಲದಲ್ಲಿ ಹೊಸಹಳ್ಳಿ ಕಡೆಯ ಒಂದು ಊರಿಗೆ ಕರೆದೊಯ್ದರು. ಊರಿನ ಹೆಸರು ಹೇಳಲಾರೆ. ಹೇಳಿಯೇ ಈ ಗತಿ.

ಜೋಳದ ಹೊಲದ ಅಂಚಿಗೆ, ಬೇವಿನ ಮರದ ಕೆಳಗೆ ಸೊಂಟದೆತ್ತರದ ಮಾಸ್ತಿಗಲ್ಲು. ಗಂಡನ ಜೊತೆ ಚಿತೆಯೇರಿದ ಯಾರೋ ಹೆಣ್ಣುಮಗಳ ನೆನಪಿಗೆ ನಿಲ್ಲಿಸಿದ್ದು. ಮೇಲೆತ್ತಿದ ಕೈ, ಕೈತುಂಬ ಕೆತ್ತಿದ ಬಳೆ. ಹೊಲದ ಯಜಮಾನಿ, ಎಪ್ಪತ್ತು ದಾಟಿದ ಅಜ್ಜಿ, ಅದಕ್ಕೆ ಅರಿಶಿನ ಹಚ್ಚಿ ಬುಡದಲ್ಲಿ ಹಸಿರು ಗಾಜಿನ ಬಳೆ ಇಟ್ಟಿದ್ದಳು. ಆ ಬಳೆ ಕೊಟ್ಟೂರಿನಿಂದ ತಂದುಕೊಡುತ್ತಿದ್ದವರು ಚಾಚಾನೇ. "ನಮ್ಮ ಮಾಸ್ತವ್ವಗ ಇವನೇ ನೋಡಪ್ಪ ತೌರುಮನಿ ಅಣ್ಣ," ಎಂದು ಅಜ್ಜಿ ನಕ್ಕಳು.

ನಾನು ಫೋಟೋ ತೆಗೆಯುವಾಗ ಚಾಚಾ ಒಂದೇ ಮಾತು ಹೇಳಿದರು: "ಊರಿನ ಹೆಸರು ಮಾತ್ರ ಯಾರಿಗೂ ಹೇಳಬ್ಯಾಡ್ರಿ. ನಿಧಿ ಐತಿ ಅಂತ ಅಗಿಯೋ ಹಲ್ಕಟ್ ಮಂದಿ ಭಾಳ ಅದಾರ."

ಫೋನಿನ ಇತಿಹಾಸಪ್ರಿಯರ ಗುಂಪಿನಲ್ಲಿ ಫೋಟೋ ಹಾಕಿದೆ, ಹೆಸರು ಹಾಕಲಿಲ್ಲ. ಆದರೆ ಯಾರೋ ಮಹಾನುಭಾವ, "ಸರ್, ನಿಮ್ಮಂಥವರಿಂದಲೇ ಇತಿಹಾಸ ಉಳಿದಿದೆ, ಒಮ್ಮೆ ಹೋಗಿ ಕೈಮುಗಿಯಬೇಕಿತ್ತು, ಯಾವ ಊರು?" ಎಂದು ಕೇಳಿದ. ಅಷ್ಟಕ್ಕೇ ಉಬ್ಬಿಹೋದೆ. ಊರು, ದಾರಿ, ಬೇವಿನ ಮರದ ಗುರುತು ಎಲ್ಲ ಬರೆದು ಕಳಿಸಿದೆ. ಥೂ, ನನ್ನ ಜನ್ಮಕ್ಕಿಷ್ಟು!

ತಿಂಗಳೊಳಗೆ ಚಾಚಾ ಫೋನ್ ಮಾಡಿದರು. "ಕಲ್ಲು ಕೆಡವ್ಯಾರ್ರಿ. ಬುಡ ಅಗದಾರ. ಊರಾಗ ನನ್ನ ಮ್ಯಾಲೆ ಅನುಮಾನ, ಮೋಟಾರಿಗೂ ಯಾರೂ ಕರಿಯವಲ್ರು. ನೀವೊಂದ್ಸಲ ಬಂದು ಅಜ್ಜಿಗೆ ಹೇಳ್ರಿ, ನಾವು ಯಾರಿಗೂ ಹೇಳಿಲ್ಲ ಅಂತ."

ಬರುತ್ತೇನೆ ಎಂದೆ. ಬೇರೇನೂ ಹೇಳಲಿಲ್ಲ.

ಕೊಟ್ಟೂರಿನಿಂದ ಮುಕ್ಕಾಲು ಗಂಟೆ ಅವರ ಬೆನ್ನ ಹಿಂದೆ ಕೂತಿದ್ದೆ. ಮೋಟಾರು ಬಿಚ್ಚುವ ಅವರ ಪಾನಾಗಳ ಚೀಲ ನನ್ನ ತೊಡೆಯ ಮೇಲಿತ್ತು. ಅದರೊಳಗೆ ಕಾಗದದಲ್ಲಿ ಸುತ್ತಿದ ಹೊಸ ಬಳೆ. ಹೇಳಿಬಿಡೋಣ ಎಂದು ಬಾಯಿ ತೆರೆಯುವುದು, ಮತ್ತೆ ಮುಚ್ಚಿಕೊಳ್ಳುವುದು. ನಾನು ಅಷ್ಟು ಮೆಚ್ಚುತ್ತಿದ್ದ ಗುಡ್ಡ, ಬಂಡೆ ಒಂದೂ ಅವತ್ತು ಕಣ್ಣಿಗೆ ಹತ್ತಲಿಲ್ಲ.

ಕಲ್ಲು ಬೋರಲು ಬಿದ್ದಿತ್ತು. ಬಳೆಗೈಯ ತುಂಡು ಮುರಿದು ಬೇರೆ ಕಡೆ ಇತ್ತು. ಪಕ್ಕದಲ್ಲಿ ಆಳುದ್ದದ ಗುಂಡಿ. ಅಜ್ಜಿ ನನ್ನನ್ನೇ ನೋಡಿ ಕೇಳಿದಳು: "ನೀ ಯಾರಿಗಾರ ಹೇಳಿದ್ಯೇನಪ್ಪಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಚಾಚಾ ಮುರಿದ ಕಲ್ಲಿನ ಮೇಲೆ ಅಂಗೈ ಊರಿದರು. "ಇಲ್ಲವ್ವ. ಅವ್ರು ಹೇಳಂಗಿಲ್ಲ. ನನ್ನ ಮಗಳ ಆಣಿ."

ಮಗಳ ಮಾತು ಬಂದ ಮೇಲೆ ತಡೆಯಲಾಗಲಿಲ್ಲ. "ಹೇಳೀನವ್ವ," ಎಂದೆ. "ನಾನೇ ಹೇಳಿದ್ದು."

ಅಜ್ಜಿ ನನ್ನನ್ನು ಬೈಯಲಿಲ್ಲ. ಚಾಚಾನ ಕಡೆ ತಿರುಗಿದಳು. "ಮಗಳ ಆಣಿ ಇಟ್ಟು ಸುಳ್ಳು ಹೇಳಿದ್ಯಲ್ಲೋ." ಚಾಚಾನಿಗೆ ಇದು ಗೊತ್ತೇ ಇರಲಿಲ್ಲ ಎಂದು ನಾನು ಬಾಯಿ ಬಡಿದುಕೊಂಡೆ. ನನ್ನ ಮಾತನ್ನು ಇನ್ನು ಯಾರು ನಂಬಬೇಕು? ಚಾಚಾ ಬಳೆ ಮುಂದೆ ಹಿಡಿದರೆ ಅವಳು ಮುಟ್ಟಲಿಲ್ಲ. "ಒಯ್ಯಿ. ಇನ್ನ ಈ ಕಡಿ ಬರಬ್ಯಾಡ."

ಕೊಟ್ಟೂರು ಬಸ್‌ಸ್ಟ್ಯಾಂಡಿನಲ್ಲಿ ಚಾಚಾ ನನ್ನನ್ನು ಇಳಿಸಿ ಚೀಲ ಇಸಿದುಕೊಂಡರು. ತಪ್ಪಾಯಿತು ಚಾಚಾ ಎಂದೆ. ಅವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ನನಗೆ ಒಂದಿಷ್ಟು ಹಗುರಾಗುತ್ತಿತ್ತು.

"ಹೋಗೋವಾಗ ಮುಕ್ಕಾಲು ತಾಸು ನನ್ನ ಹಿಂದೇ ಕುಂತಿದ್ರಲ್ರಿ," ಎಂದರು. "ಆವಾಗ ಹೇಳಿದ್ರ, ನಾನು ಮಗಳ ಆಣಿ ಇಡ್ತಿದ್ದಿಲ್ಲ."